ಮಗ್ಗಿಯನ್ನು ನಡುವೆ ಕೇಳಿದಾಗ

(ದೊಡ್ಡಮಳೂರಿನಲ್ಲಿ ನಡೆದ ದತ್ತಿ ಉಪನ್ಯಾಸದ ಲಿಖಿತ ರೂಪ)

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನ ಸನ್ನಿಧಿಯ ತೊಟ್ಟಿಲುಗಳನ್ನು ನೋಡದವರು ಈ ಸೀಮೆಯಲ್ಲಿ ಕಡಿಮೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಒಪ್ಪಿಸಿದ ತೊಟ್ಟಿಲುಗಳು ಅವು. ಮಗು ಹುಟ್ಟಿ, ಬೆಳೆದು, ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡಿತೆಂದರೆ ಎಷ್ಟೋ ಮನೆಗಳಲ್ಲಿ ಎರಡನೆಯ ಹರಕೆ ಶುರುವಾಗುತ್ತದೆ: ಮಗು ಡಾಕ್ಟರಾಗಬೇಕು. ಈ ಹರಕೆಗೆ ತೊಟ್ಟಿಲು ಸಾಲದು, ಜಮೀನೇ ಬೇಕಾಗುತ್ತದೆ.

ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. 2025ರಲ್ಲಿ ದೇಶದಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು 1 ಲಕ್ಷ 20 ಸಾವಿರದ ಆಸುಪಾಸು, ಅದರಲ್ಲೂ ಸರ್ಕಾರಿ ಶುಲ್ಕದ್ದು ಸುಮಾರು ಅರ್ಧ. ಉಳಿದದ್ದಕ್ಕೆ ಕೈ ಹಾಕಲಾರದವರು ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ್, ಫಿಲಿಪ್ಪೀನ್ಸ್ ಎಂದು ಹೊರಡುತ್ತಾರೆ. ಯುದ್ಧ ಶುರುವಾದ 2022ರ ಫೆಬ್ರವರಿಯವರೆಗೆ ಆ ಪಟ್ಟಿಯಲ್ಲಿ ಉಕ್ರೇನ್ ಕೂಡ ಇತ್ತು. ಆ ವರ್ಷ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನಿಗೆಂದು ಹೊರಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಮೂರು ವಾರದ ನಂತರ ಊರಿಗೆ ಬಂದ ಮಗನ ದೇಹವನ್ನು ತಂದೆತಾಯಿ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಅವನು ಕಲಿಯಬೇಕಿದ್ದ ಪಾಠ ಬೇರೆ ಮಕ್ಕಳಿಗೆ ಸಿಗಲಿ ಎಂದು.

ಹೊರಗೆ ಓದಿ ಬಂದವರ ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರುವುದಕ್ಕೆ ಪದವಿಯೊಂದೇ ಸಾಲದು. ಕರ್ನಾಟಕ ವೈದ್ಯಕೀಯ ಮಂಡಳಿಯ ರಿಜಿಸ್ಟರಿನಲ್ಲಿ ಹೆಸರು ಏರಬೇಕು. ಅದಕ್ಕೂ ಮುಂಚೆ ದೆಹಲಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿ ನಡೆಸುವ ಎಫ್‌ಎಂಜಿಇ ಪಾಸಾಗಬೇಕು. 2002ರಿಂದ ನಡೆದುಬಂದಿರುವ ಈ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿಯಲ್ಲಿ ಬರುತ್ತದೆ. 300 ಪ್ರಶ್ನೆ, ಪಾಸಿಗೆ 150. ಮೂವತ್ತೈದಕ್ಕೆ ಪಾಸು ಅನ್ನುತ್ತಿದ್ದ ನಾಡಿನಲ್ಲಿ ಅರ್ಧಕ್ಕರ್ಧ ಅಂಕ ಮಹಾ ಕಷ್ಟವೆಂದು ಕೇಳಿಸುವುದಿಲ್ಲ. ಆದರೆ 2025ರ ಜೂನ್ ಸರದಿಯಲ್ಲಿ ಬರೆದ 36,034 ಜನರಲ್ಲಿ ಪಾಸಾದವರು 6,707. ಅಂದರೆ ನೂರಕ್ಕೆ 18.61. ವರ್ಷಗಟ್ಟಲೆ ಹೊರದೇಶದಲ್ಲಿ ಇದ್ದು ಬಂದ ಐವರಲ್ಲಿ ನಾಲ್ವರು ಮತ್ತೆ ಮನೆಯ ಕೋಣೆಗೇ ವಾಪಸ್.

ಇಲ್ಲೇ ಓದಿದವರು ಸದ್ಯಕ್ಕೆ ಪಾರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆ ಪಾಸಾಗಿ ಇಂಟರ್ನ್‌ಶಿಪ್ ಮುಗಿಸಿದರೆ ಅವರಿಗೆ ನೋಂದಣಿ ಸಿಗುತ್ತದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಇಬ್ಬರಿಗೂ ಒಂದೇ ಪರೀಕ್ಷೆ ಎಂದು ನೆಕ್ಸ್ಟ್ ಅನ್ನು ಬರೆದಿಟ್ಟಿತು. 2023ರ ಜೂನ್‌ನಲ್ಲಿ ನಿಯಮಾವಳಿ ಬಂತು, ಜುಲೈನಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತು. ಮದುವೆ ಮುಂದಕ್ಕೆ ಹೋದ ಮನೆಯ ಹಾಗೆ ವಿದ್ಯಾರ್ಥಿಗಳು ಅಂದಿನಿಂದ ಚಪ್ಪರ ಬಿಚ್ಚಲೂ ಆಗದೆ, ಇರಿಸಿಕೊಳ್ಳಲೂ ಆಗದೆ ಕುಳಿತಿದ್ದಾರೆ.

ಎಫ್‌ಎಂಜಿಇಯಲ್ಲಿ ಇಷ್ಟು ಜನ ಫೇಲಾಗುವುದಕ್ಕೆ ಕಾರಣ ಹಲವು. ಕೆಲವು ದೇಶಗಳಲ್ಲಿ ರೋಗಿಯ ಹತ್ತಿರ ನಿಲ್ಲಲು ಅಲ್ಲಿನ ಭಾಷೆ ಬಾರದು. ಕೋವಿಡ್ ವರ್ಷಗಳಲ್ಲಿ ಪಾಠವೇ ಮೊಬೈಲಿನಲ್ಲಿ ನಡೆಯಿತು. ಕೆಲವು ಕಾಲೇಜು ಹೆಸರಿಗೆ ಮಾತ್ರ ಕಾಲೇಜು. ಇವೆಲ್ಲ ನಿಜ, ಆದರೆ ವಾಪಸ್ ಬಂದು ಕೋಣೆಯಲ್ಲಿ ಕುಳಿತವರ ಕೈಯಲ್ಲಿ ಇವು ಯಾವುವೂ ಇಲ್ಲ. ಅವರ ಕೈಯಲ್ಲಿರುವುದು ಓದುವ ರೀತಿಯೊಂದೇ. ಈ ಉಪನ್ಯಾಸ ಅಷ್ಟಕ್ಕೇ ಸೀಮಿತ.

ಪ್ರೈಮರಿ ಶಾಲೆಯ ಮಗ್ಗಿಯನ್ನು ನೆನಪಿಸಿಕೊಂಡರೆ ಅರ್ಧ ವಿಷಯ ತಿಳಿದ ಹಾಗೆ. ಹದಿನೇಳರ ಮಗ್ಗಿಯನ್ನು ಮೇಲಿಂದ ಕೆಳಕ್ಕೆ ರಾಗವಾಗಿ ಒಪ್ಪಿಸುವ ಹುಡುಗ ಇರುತ್ತಿದ್ದ. ಮೇಷ್ಟ್ರು ತಟ್ಟನೆ ನಡುವೆ ತಡೆದು ‘ಹದಿನೇಳೆಂಟ್ಲ?’ ಎಂದರೆ ಅವನು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಹದಿನೇಳೊಂದ್ಲಿಂದ ಶುರು ಮಾಡುತ್ತಿದ್ದ. ಅವನಿಗೆ ರಾಗ ಬರುತ್ತಿತ್ತು, ಮಗ್ಗಿ ಬರುತ್ತಿರಲಿಲ್ಲ. ಪಕ್ಕದ ಹುಡುಗಿ ಎರಡು ಕ್ಷಣ ತಡೆದು ನೂರ ಮೂವತ್ತಾರು ಎನ್ನುತ್ತಿದ್ದಳು. ಲೈಸೆನ್ಸಿನ ಪರೀಕ್ಷೆಗಳೆಲ್ಲ ಈ ಮೇಷ್ಟ್ರ ಜಾತಿಯವು. ಪುಸ್ತಕದ ಅಧ್ಯಾಯದ ಕ್ರಮದಲ್ಲಿ ಯಾವ ಪ್ರಶ್ನೆಯೂ ಬರುವುದಿಲ್ಲ. ಮೂತ್ರಪಿಂಡದ ಹಿಂದೆ ಮಕ್ಕಳ ಲಸಿಕೆ, ಅದರ ಹಿಂದೆ ಮುರಿದ ಮೊಣಕೈ.

ನಮ್ಮ ಮಕ್ಕಳು ಮಾಡುವುದೇನು? ಅದೇ ಪುಟವನ್ನು ಮೂರು ಸಲ ಓದುವುದು. ಹಳದಿ, ಗುಲಾಬಿ, ಹಸಿರು ಹೈಲೈಟರಿನಲ್ಲಿ ಗೀಚಿ ಪುಟವನ್ನು ರಂಗೋಲಿ ಮಾಡುವುದು. ಮೂರನೆಯ ಓದಿಗೆ ಎಲ್ಲವೂ ಪರಿಚಿತವೆನಿಸುತ್ತದೆ. ಪರಿಚಯವಾದದ್ದನ್ನೇ ಗೊತ್ತಾಗಿದೆ ಎಂದುಕೊಳ್ಳುವುದರಲ್ಲಿ ಮೋಸ ಇದೆ. ಬಸ್ಸಿನಲ್ಲಿ ದಿನಾ ಕಾಣುವ ಮುಖ ಪರಿಚಿತವೇ, ಹೆಸರು ಕೇಳಿದರೆ ಗೊತ್ತಿರುವುದಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಸರಳ. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದವರೇ ಮುಂದು, 81ಕ್ಕೆ 75. ವಾರದ ನಂತರ ತಕ್ಕಡಿ ತಿರುಗಿತು. ಓದಿದವರಲ್ಲಿ ಉಳಿದದ್ದು ನೂರಕ್ಕೆ 42, ಮುಚ್ಚಿಟ್ಟು ಬರೆದವರಲ್ಲಿ 56. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ವಿದ್ಯೆ ಪಿಯುಸಿಯವರೆಗೆ ನಡೆದದ್ದೇಕೆ, ಹತ್ತೊಂಬತ್ತು ವಿಷಯದ ಪರೀಕ್ಷೆಯಲ್ಲಿ ಕೈ ಕೊಟ್ಟದ್ದೇಕೆ ಎಂಬುದು ಈ ನಾಲ್ಕು ಅಂಕಿಗಳಲ್ಲಿ ಇದೆ.

ಅದು ಕಾಲೇಜು ಹುಡುಗರ ಮೇಲೆ, ಡಾಕ್ಟರುಗಳ ಮಾತು ಬೇರೆ ಎನ್ನುವವರಿಗೆ ಅದೇ ಊರಿನಿಂದ 2009ರಲ್ಲಿ ಉತ್ತರ ಬಂತು. ಲಾರ್ಸನ್ ಮತ್ತು ಸಂಗಡಿಗರು ರೆಸಿಡೆಂಟ್ ವೈದ್ಯರಿಗೇ ಎರಡು ನರರೋಗಗಳ ಪಾಠ ಮಾಡಿದರು. ಒಂದು ವಿಷಯದ ಮೇಲೆ ಆಗಾಗ ಪ್ರಶ್ನೆ ಕೇಳಿದರು, ಇನ್ನೊಂದನ್ನು ಆಗಾಗ ಓದಲು ಕೊಟ್ಟರು. ಆರು ತಿಂಗಳು ಕಳೆದ ಮೇಲೆ ಪರೀಕ್ಷಿಸಿದಾಗ ಪ್ರಶ್ನೆ ಕೇಳಿದ ವಿಷಯದಲ್ಲಿ ನೂರಕ್ಕೆ 39, ಓದಿದ ವಿಷಯದಲ್ಲಿ 26. ಗಮನಿಸಬೇಕಾದ್ದು ಇನ್ನೊಂದಿದೆ: ಮೇಲಿನದ್ದೂ 39 ಅಷ್ಟೇ. ಮರೆವು ಡಾಕ್ಟರನ್ನೂ ಬಿಡುವುದಿಲ್ಲ.

ಮರೆವಿನ ಲೆಕ್ಕ ಹಳೆಯದು. 1885ರಲ್ಲಿ ಜರ್ಮನಿಯ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಎಷ್ಟು ಹೊತ್ತಿಗೆ ಎಷ್ಟು ಸೋರಿತೆಂದು ಬರೆದಿಟ್ಟ. ಒಂದು ದಿನ ಕಳೆಯುವಷ್ಟರಲ್ಲಿ ಉಳಿದದ್ದು ಸುಮಾರು ಮೂರನೆಯ ಒಂದು ಭಾಗ. ಅದಾದ ಮೇಲೆ ಸೋರುವುದು ನಿಧಾನ. ಹಾಗಾದರೆ ಮತ್ತೆ ನೆನಪಿಸಿಕೊಳ್ಳಬೇಕಾದ್ದು ಯಾವಾಗ? ಸೋರಲು ಶುರುವಾದ ಮೇಲೆ, ಪೂರಾ ಖಾಲಿಯಾಗುವ ಮೊದಲು.

ಈ ಮಾತನ್ನು ರಾಮನಗರ ಸೀಮೆಯ ರೇಷ್ಮೆ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಿಲ್ಲ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ. ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಿ ಸುಮ್ಮನಿರುತ್ತಾರೆ. ಹೊಸಬರು ಹುಳು ಹಸಿದೀತೆಂದು ಸೊಪ್ಪು ಸುರಿದರೆ ಮನೆಯ ಹಿರಿಯರು ಗದರುತ್ತಾರೆ. ತಿನ್ನದ ಹೊತ್ತಿನಲ್ಲಿ ಹಾಕಿದ ಸೊಪ್ಪು ಕೊಳೆತು ತಟ್ಟೆಯೇ ಕೆಡುತ್ತದೆ. ಜ್ವರ ಎದ್ದ ಮೇಲೆ ಅದೇ ಹುಳು ಮೊದಲಿಗಿಂತ ಜೋರಾಗಿ ತಿನ್ನುತ್ತದೆ. ಹೋಲಿಕೆಯನ್ನು ಹೆಚ್ಚು ಎಳೆಯುವುದು ಬೇಡ, ಹುಳು ನೀಟ್ ಬರೆಯುವುದಿಲ್ಲ. ಆದರೆ ಒಂದೇ ದಿನ ಹನ್ನೆರಡು ಗಂಟೆ ಫಾರ್ಮಕಾಲಜಿ ಸುರಿದುಕೊಂಡು, ಆಮೇಲೆ ಎರಡು ತಿಂಗಳು ಆ ಕಡೆ ತಿರುಗಿಯೂ ನೋಡದ ವಿದ್ಯಾರ್ಥಿಯ ತಟ್ಟೆಯಲ್ಲಿ ಆಗುವುದು ಇದೇ.

ಬಿಡುವು ಕೊಟ್ಟು ಕೇಳಿಕೊಳ್ಳುವುದಕ್ಕೆ ಜರ್ಮನ್ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಒಂದು ಡಬ್ಬದ ಉಪಾಯ ಹೇಳಿದ. ಶೂ ಡಬ್ಬವೊಂದನ್ನು ಐದು ಖಾನೆ ಮಾಡುವುದು. ಚೀಟಿಯ ಒಂದು ಮಗ್ಗುಲಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲನೆಯ ಖಾನೆಗೆ ವಾಪಸ್. ಮೊದಲ ಖಾನೆ ದಿನಾ ತೆರೆಯುವುದು, ಕೊನೆಯದು ಅಪರೂಪಕ್ಕೆ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಎಂಬಾತ ಬಿಟ್ಟ ಆಂಕಿ ಎಂಬ ಸಾಫ್ಟ್‌ವೇರು ಮೊಬೈಲಿಗೆ ಬಂದ ಇದೇ ಡಬ್ಬ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಬಾಯಿಪಾಠ ಎಂದೇ ಅರ್ಥ. ಅಮೆರಿಕದ ವೈದ್ಯ ಲೈಸೆನ್ಸಿನ ಪರೀಕ್ಷೆಗೆ ಓದುವವರಲ್ಲಿ ಇದನ್ನು ಇಟ್ಟುಕೊಂಡವರು ಬಹಳ. ಬೇರೆಯವರು ಮಾಡಿದ ಇಪ್ಪತ್ತು ಸಾವಿರ ಚೀಟಿಗಳ ಕಟ್ಟನ್ನು ಇಳಿಸಿಕೊಂಡು ಕೂರುವುದರಲ್ಲಿ ಮಾತ್ರ ಅಷ್ಟು ಪ್ರಯೋಜನ ಕಾಣದು. ಚೀಟಿ ಬರೆಯುವುದೇ ಅರ್ಧ ಕಲಿಕೆ.

ಚೀಟಿಯಲ್ಲಿ ಒಂದು ಅಪಾಯವೂ ಇದೆ. ಒಂದೇ ಸಾಲಿನ ಪ್ರಶ್ನೆಗೆ ಒಂದೇ ಪದದ ಉತ್ತರ ಕೊಡುವುದರಲ್ಲಿ ಕೈ ಪಳಗಿದವರು ಆರು ಸಾಲಿನ ಪ್ರಶ್ನೆ ಬಂದಾಗ ತಬ್ಬಿಬ್ಬಾಗುತ್ತಾರೆ. ಈಗಿನ ಪ್ರಶ್ನೆಗಳು ರೋಗಿಯ ಕಥೆಯಾಗಿಯೇ ಬರುತ್ತವೆ. ಒಂದನ್ನು ಹತ್ತಿರದಿಂದ ನೋಡಬಹುದು.

ಫೆಬ್ರವರಿ ತಿಂಗಳು. ಸಾಗರ ತಾಲೂಕಿನ 32 ವರ್ಷದ ಕೂಲಿಕಾರ. ಕಾಡಿಗೆ ದರಗು ಗುಡಿಸಲು ಹೋಗಿ ಬಂದ ಕೆಲವು ದಿನಗಳಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು, ಒಸಡಿನಲ್ಲಿ ರಕ್ತ. ಪ್ಲೇಟ್‌ಲೆಟ್ ಇಳಿದಿದೆ. ಊರ ಬಳಿ ಮಂಗಗಳು ಸತ್ತಿವೆ. ರೋಗ ಹರಡಿದ್ದು ಯಾವುದರಿಂದ? ಸೊಳ್ಳೆ, ಉಣುಗು, ಹೇನು, ಮರಳುನೊಣ.

ಕನ್ನಡದ ಮಕ್ಕಳಿಗೆ ಇದು ಸುಲಭದ ಪ್ರಶ್ನೆ ಆಗಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಆ ಊರಿನ ಹೆಸರನ್ನೇ ಜಗತ್ತಿನ ಪುಸ್ತಕಗಳಿಗೆ ಸೇರಿಸಿದ ಮಂಗನ ಕಾಯಿಲೆ ಇದು. ಹರಡುವುದು ಉಣುಗು. ಆದರೂ ಅವಸರದಲ್ಲಿ ಸೊಳ್ಳೆಯನ್ನು ಒತ್ತುವವರು ಇರುತ್ತಾರೆ. ಜ್ವರ, ರಕ್ತ, ಇಳಿದ ಪ್ಲೇಟ್‌ಲೆಟ್ ಎಂದ ಕೂಡಲೇ ತಲೆಯಲ್ಲಿ ಡೆಂಗಿ ಬಂದು ಕುಳಿತಿರುತ್ತದೆ. ಎರಡೂ ಒಂದೇ ಕುಲದ ವೈರಸ್ಸುಗಳು ಬೇರೆ. ತಪ್ಪು ಆಯ್ಕೆಯನ್ನು ಪ್ರಶ್ನೆ ಮಾಡುವವರು ಸುಮ್ಮನೆ ತುಂಬಿಸಿರುವುದಿಲ್ಲ, ಎಲ್ಲಿ ಕಾಲು ಜಾರೀತೆಂದು ನೋಡಿಯೇ ಇಟ್ಟಿರುತ್ತಾರೆ. ಉತ್ತರ ತಪ್ಪಾದಾಗ ಸರಿಯುತ್ತರವನ್ನು ಓದಿ ಮುಂದೆ ಹೋದರೆ ಅರ್ಧ ಕೂಲಿ ಬಿಟ್ಟು ಬಂದ ಹಾಗೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಪ್ಪಿನ ಕಾರಣ ಬರೆಯಬೇಕು. ಗೊತ್ತೇ ಇರಲಿಲ್ಲವೆ? ಗೊತ್ತಿದ್ದೂ ಡೆಂಗಿಯ ಜೊತೆ ಕಲಸಿಹೋಯಿತೆ? ಮಂಗ ಸತ್ತ ಸಾಲನ್ನು ಕಣ್ಣು ದಾಟಿಬಿಟ್ಟಿತೆ? ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಪುಸ್ತಕ, ಎರಡನೆಯದಕ್ಕೆ ಎರಡು ರೋಗಗಳನ್ನು ಅಕ್ಕಪಕ್ಕ ಇಟ್ಟು ಒಂದು ಪಟ್ಟಿ, ಮೂರನೆಯದಕ್ಕೆ ನಿದ್ದೆ.

ಕಲಸಿಹೋಗುವುದಕ್ಕೆ ಮದ್ದು ಕಲಸಿ ಓದುವುದೇ. ಕೆನಡಾದಲ್ಲಿ ಹತಾಲ ಮತ್ತು ಸಂಗಡಿಗರು ಇಸಿಜಿ ಓದುವುದನ್ನು ಕಲಿಸುತ್ತಿದ್ದಾಗ ಒಂದು ಗುಂಪಿಗೆ ಒಂದೊಂದೇ ರೋಗದ ಇಸಿಜಿಗಳನ್ನು ಸಾಲಾಗಿ ಅಭ್ಯಾಸ ಮಾಡಿಸಿದರು, ಇನ್ನೊಂದಕ್ಕೆ ಎಲ್ಲವನ್ನೂ ಬೆರೆಸಿ ಕೊಟ್ಟರು. 2003ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಹೊಸ ಇಸಿಜಿ ಬಂದಾಗ ಸರಿಯಾಗಿ ಗುರುತಿಸಿದ್ದು ಬೆರೆಸಿ ಕಲಿತವರು. ಕಲಿಯುವಾಗ ತೊಡಕೆನಿಸುವುದೇ ಆಮೇಲೆ ಉಪಯೋಗಕ್ಕೆ ಬಂತು.

ಇನ್ನು ಎಲ್ಲಿ ಎಷ್ಟು ಹೊತ್ತು ಕೊಡಬೇಕೆಂಬ ಲೆಕ್ಕ. ಎಫ್‌ಎಂಜಿಇಯ 300 ಅಂಕಗಳ ಹಂಚಿಕೆಯನ್ನು ಪರೀಕ್ಷಾ ಮಂಡಳಿಯೇ ಪ್ರಕಟಿಸಿದೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17. ಜನರಲ್ ಮೆಡಿಸಿನ್ 33, ಸರ್ಜರಿ 32, ಹೆರಿಗೆ ಮತ್ತು ಸ್ತ್ರೀರೋಗ 30, ಸಮುದಾಯ ವೈದ್ಯಶಾಸ್ತ್ರ 30. ಕೊನೆಯ ಈ ನಾಲ್ಕೇ ಸೇರಿ 125. ಆದರೂ ಓದು ಶುರುವಾಗುವುದು ಅನಾಟಮಿಯಿಂದ, ಮೊದಲ ವರ್ಷದ ಪುಸ್ತಕ ಅದೇ ಎಂಬ ಒಂದೇ ಕಾರಣಕ್ಕೆ. ಆರು ತಿಂಗಳಲ್ಲಿ ಎರಡು ತಿಂಗಳು ಅನಾಟಮಿಯ ನರಗಳಲ್ಲೇ ಸಿಕ್ಕಿಬಿದ್ದವರು ಸಮುದಾಯ ವೈದ್ಯಶಾಸ್ತ್ರಕ್ಕೆ ಬರುವಷ್ಟರಲ್ಲಿ ಹಾಲ್ ಟಿಕೆಟ್ ಬಂದಿರುತ್ತದೆ.

ಹೊರಗೆ ಓದಿದವರು ಹೆಚ್ಚು ಕಳೆದುಕೊಳ್ಳಬಹುದಾದದ್ದೂ ಇಲ್ಲೇ. ಭಾರತದ ಲಸಿಕಾ ಪಟ್ಟಿ, ಕ್ಷಯ ನಿರ್ಮೂಲನಾ ಕಾರ್ಯಕ್ರಮ, ಆಶಾ ಕಾರ್ಯಕರ್ತೆಯ ಕೆಲಸ, ಇವನ್ನು ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಯಾರು ಹೇಳಿಕೊಟ್ಟಾರು? ಅದಕ್ಕೆ ದುಬಾರಿ ಆ್ಯಪ್ ಬೇಕಿಲ್ಲ. ಅಕ್ಕನ ಮಗುವಿನ ತಾಯಿ ಕಾರ್ಡ್ ಬೀರುವಿನಲ್ಲೇ ಇರುತ್ತದೆ. ಹುಟ್ಟಿದಾಗ ಬಿಸಿಜಿ; ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಪೆಂಟಾವೇಲೆಂಟ್; ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ, ಜೊತೆಗೆ ಎ ಜೀವಸತ್ವ. ಎಲ್ಲವೂ ಅಚ್ಚ ಕನ್ನಡದಲ್ಲಿ, ದಿನಾಂಕದ ಸಮೇತ. ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ಎರಡು ಗಂಟೆ ನಿಂತು ಬಂದವರು ಅದನ್ನು ಮತ್ತೆ ಬಾಯಿಪಾಠ ಮಾಡಬೇಕಾಗುವುದಿಲ್ಲ. ಸಮುದಾಯ ವೈದ್ಯಶಾಸ್ತ್ರಕ್ಕೆ ಎಲ್ಲರೂ ಓದುವ ಪಾರ್ಕ್ ಅವರ ದಪ್ಪ ಪುಸ್ತಕ ಬೇಡವೆಂದಲ್ಲ, ಅದನ್ನು ತೆರೆಯುವ ಮುಂಚೆ ತಾಯಿ ಕಾರ್ಡ್ ನೋಡಿದ್ದರೆ ಪುಸ್ತಕ ತೆಳ್ಳಗಾಗುತ್ತದೆ.

ಪುಸ್ತಕಗಳ ಮಾತು ಬಂತು. ಮೂರು ಆ್ಯಪ್, ಐದು ಟೆಲಿಗ್ರಾಂ ಗುಂಪು, ಸೀನಿಯರ್ ಕೊಟ್ಟ ನೋಟ್ಸು, ಅದರ ಜೆರಾಕ್ಸು. ಸಾಮಗ್ರಿ ಸೇರಿಸುವುದೂ ಓದಿದಂತೆಯೇ ಸಮಾಧಾನ ಕೊಡುತ್ತದೆ, ಅದಕ್ಕೇ ಅಪಾಯ. ಒಂದು ನೋಟ್ಸು, ಒಂದು ಪ್ರಶ್ನೆಗಳ ಬ್ಯಾಂಕು, ಒಂದು ತಪ್ಪಿನ ಪುಸ್ತಕ. ನಾಲ್ಕನೆಯದು ಬಂದಾಗ ಮೊದಲ ಮೂರರಲ್ಲಿ ಒಂದು ಮುಚ್ಚಿಹೋಗುತ್ತದೆ.

ಪರೀಕ್ಷೆಯ ಕೋಣೆಯ ಲೆಕ್ಕ ಚಿಕ್ಕದು, ಆದರೆ ಅದನ್ನು ತಿಳಿಯದೆ ಅಂಕ ಕಳೆದುಕೊಳ್ಳುವವರಿದ್ದಾರೆ. 150 ಪ್ರಶ್ನೆಗೆ 150 ನಿಮಿಷ, ಮಧ್ಯೆ ಬಿಡುವು, ಮತ್ತೆ ಅಷ್ಟೇ. ಎಫ್‌ಎಂಜಿಇಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಗೊತ್ತಿಲ್ಲದ 50 ಪ್ರಶ್ನೆಗೆ ಕಣ್ಣು ಮುಚ್ಚಿ ಒತ್ತಿದರೂ ನಾಲ್ಕರಲ್ಲಿ ಒಂದರ ಲೆಕ್ಕದಲ್ಲಿ ಹನ್ನೆರಡು ಅಂಕ ಬರಬಹುದು. 138ಕ್ಕೂ 150ಕ್ಕೂ ನಡುವಿನ ಅಂತರ ಅಷ್ಟೇ. ಸ್ನಾತಕೋತ್ತರದ ನೀಟ್‌ನಲ್ಲಿ ಹಾಗಲ್ಲ, ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಎರಡನ್ನೂ ಒಟ್ಟಿಗೆ ಓದುವವರು ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗುತ್ತಾರೆ. ಕೊನೆಯ ತಿಂಗಳಲ್ಲಿ ನಾಲ್ಕಾರು ಸಲವಾದರೂ ಮನೆಯಲ್ಲೇ ಪೂರ್ತಿ 300 ಪ್ರಶ್ನೆಗಳ ಪರೀಕ್ಷೆಯನ್ನು ಅದೇ ಹೊತ್ತಿಗೆ, ಫೋನು ಬೇರೆ ಕೋಣೆಯಲ್ಲಿಟ್ಟು, ಕೂತು ಬರೆಯಬೇಕು. ಇನ್ನೂರ ಐವತ್ತನೆಯ ಪ್ರಶ್ನೆಗೆ ಬೆನ್ನು ಹೇಗೆ ನೋಯುತ್ತದೆಂದು ಮೊದಲೇ ಗೊತ್ತಿರಲಿ.

ಹಾಸ್ಟೆಲಿನ ನೈಟ್ ಔಟ್ ಬಗ್ಗೆ ಒಂದೇ ಮಾತು. ಹಗಲು ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ ಎಂಬುದನ್ನು ಈ ವಿದ್ಯಾರ್ಥಿಗಳು ಫಿಸಿಯಾಲಜಿಯಲ್ಲಿ ಓದಿ, ಅದನ್ನು ಬರೆಯಲೆಂದೇ ನಿದ್ದೆಗೆಟ್ಟಿರುತ್ತಾರೆ.

ಕೊನೆಯದಾಗಿ, ಈ ಸೀಮೆಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಒಂದು ಸಂಜೆ. ಮಗಳು ಹೊರದೇಶದಲ್ಲಿ ಓದಿ ಬಂದು ಎರಡನೆಯ ಸಲದ ಪರೀಕ್ಷೆಗೆ ಕೂತಿದ್ದಾಳೆ. ಕಾಮಾಲೆಯ ಪಾಠ ಮುಗಿದಿದೆ. ಪುಸ್ತಕ ಮುಚ್ಚಿ, ಅವರೆಕಾಯಿ ಸುಲಿಯುತ್ತಿರುವ ಅಮ್ಮನ ಮುಂದೆ ಕೂತು ಕನ್ನಡದಲ್ಲಿ ಹೇಳಲು ಶುರು ಮಾಡುತ್ತಾಳೆ. ಕೆಂಪು ರಕ್ತಕಣ ಒಡೆಯುತ್ತದೆ, ಬಿಲಿರುಬಿನ್ ಆಗುತ್ತದೆ, ಲಿವರ್ ಅದನ್ನು ಪಿತ್ತದಲ್ಲಿ ಸಾಗಿಸಬೇಕು, ಆಗದಿದ್ದರೆ ರಕ್ತದಲ್ಲೇ ನಿಂತು ಮೈ ಹಳದಿಯಾಗುತ್ತದೆ. ಇಂಗ್ಲಿಷಿನಲ್ಲಿ ಸರಾಗವಾಗಿ ಬರುತ್ತಿದ್ದುದು ಕನ್ನಡದಲ್ಲಿ ಎರಡು ಕಡೆ ತಡವರಿಸುತ್ತದೆ. ತಡವರಿಸಿದ ಕಡೆಯೇ ಅರ್ಥವಾಗದೆ ದಾಟಿಬಂದ ಜಾಗ ಎಂದು ಅವಳಿಗೂ ಗೊತ್ತಾಗುತ್ತದೆ, ಚೀಟಿಯ ಮೇಲೆ ಗುರುತು ಹಾಕಿಕೊಳ್ಳುತ್ತಾಳೆ.

ಅಮ್ಮ ಕೈ ನಿಲ್ಲಿಸದೆ ಕೇಳುತ್ತಾಳೆ: ‘ಅಲ್ಲ ಕಣವ್ವ, ಮೈಯೆಲ್ಲ ಬಿಟ್ಟು ಕಣ್ಣೇ ಯಾಕೆ ಮೊದ್ಲು ಹಳದಿಯಾಗೋದು?’

‘ಇರಮ್ಮ, ನೋಡ್ತೀನಿ.’

ಮಗಳು ಎದ್ದು ಹೋಗಿ ಪುಸ್ತಕ ತೆಗೆಯುತ್ತಾಳೆ. ಕಣ್ಣಿನ ಬಿಳಿ ಭಾಗದಲ್ಲಿ ಎಲಾಸ್ಟಿನ್ ಹೆಚ್ಚು, ಬಿಲಿರುಬಿನ್ ಅದಕ್ಕೆ ಬೇಗ ಅಂಟಿಕೊಳ್ಳುತ್ತದೆ. ಬಿಳಿಯ ಮೇಲೆ ಹಳದಿ ಎದ್ದು ಕಾಣುವುದೂ ಸರಿಯೇ. ಹೊಸ ಚೀಟಿ ಬರೆದು, ಡಬ್ಬದ ಮೊದಲನೆಯ ಖಾನೆಗೆ ಹಾಕಿ, ಅಡುಗೆಮನೆಗೆ ವಾಪಸ್ ಬರುತ್ತಾಳೆ. ಅಮ್ಮ ಆಗಲೇ ಸಿಪ್ಪೆ ಬಾಚುತ್ತಿರುತ್ತಾಳೆ.